ಕಲ್ಲುಹೂವು ಕಟ್ಟಿದ ಕಾಲು

ಆಗ ನನಗೆ ಮೂವತ್ತೊಂದು ವರ್ಷ. ಇದು ನಲವತ್ತೆರಡು ವರ್ಷದ ಹಿಂದಿನ ಮಾತು.

ಇಳಕಲ್ಲಿನಲ್ಲಿ ನಮ್ಮದು ಒಂದೇ ಮಗ್ಗದ ಮನೆ. ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನನ್ನ ಗಂಡ ಸೀರೆ ನೇಯುತ್ತಿದ್ದ. ನಾನು ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದೆ. ಲಾಳಿಯೊಳಗೆ ಇಡುವ ಸಣ್ಣ ನಳಿಗೆಗೆ ನೂಲು ಸುತ್ತುವುದು, ಅಷ್ಟೇ ಕೆಲಸ. ಸೀರೆ ನೋಡಿದವರು ನೇಕಾರನ ಕೈ ಹೊಗಳುತ್ತಾರೆ. ಕಾಲನ್ನು ಯಾರೂ ಕೇಳುವುದಿಲ್ಲ. ಕುಣಿಯೊಳಗೆ ಎರಡು ಹಲಗೆ ಇರುತ್ತವೆ, ಒಂದಾದ ಮೇಲೆ ಒಂದು ತುಳಿಯಬೇಕು. ತುಳಿದರೆ ನೂಲು ಬಾಯಿ ತೆರೆಯುತ್ತದೆ, ಲಾಳಿ ಓಡುತ್ತದೆ. ಒಂದೇ ಕಾಲಿದ್ದವನಿಗೆ ಮಗ್ಗವಿಲ್ಲ.

ಮನೆಯಲ್ಲಿ ಮೂರನೆಯ ಜೀವ ನನ್ನ ಅತ್ತೆ. ನನಗೆ ಮಕ್ಕಳಾಗಲಿಲ್ಲ. ಆ ಮಾತು ಅಷ್ಟಕ್ಕೇ ಸಾಕು.

ಅತ್ತೆಯ ತವರು ಬಾದಾಮಿ ಕಡೆ, ಕುಳಗೇರಿ ಕ್ರಾಸಿನಲ್ಲಿ ಇಳಿದು ಒಳಗೆ ನಡೆದು ಹೋಗುವ ಹಳ್ಳಿ. ಅಲ್ಲಿ ಕೆಂಪು ಬಂಡೆಗಳ ಗುಡ್ಡ. ಬಂಡೆಗಳ ನೆರಳಿನ ಮಗ್ಗುಲಿಗೆ ಕಲ್ಲುಹೂವು ಹತ್ತಿಕೊಂಡಿರುತ್ತದೆ. ಮಸಾಲೆಗೆ ಹಾಕುವ ಕಲ್ಲುಹೂವಿನ ದಾಯಾದಿ ಎನ್ನಿ, ಅದೇ ಅಲ್ಲ. ಹೂವಂತೂ ಅಲ್ಲವೇ ಅಲ್ಲ. ಬೂದಿ ಬೆರೆತ ಹಸಿರು ಬಣ್ಣ, ಅಂಚು ಕಿವಿಯ ಹಾಗೆ ಸುರುಟಿರುತ್ತದೆ, ಕೆಳಗೆ ಕಪ್ಪು. ಬಿಸಿಲಲ್ಲಿ ಮುಟ್ಟಿದರೆ ಪುಡಿಯಾಗುತ್ತದೆ. ಮಳೆ ಬಿದ್ದ ಮೇಲೆ ತೊಗಲಿನ ಹಾಗೆ ಮೆತ್ತಗಾಗಿ ಕಲ್ಲಿನಿಂದ ಏಳುತ್ತದೆ. ಅತ್ತೆ ಪ್ರತಿ ವರ್ಷ ನಾಗರಪಂಚಮಿಗೆ ತವರಿಗೆ ಹೋದಾಗ ಬೆಳಗಿನಲ್ಲಿ ಯಾರೊಡನೆಯೂ ಮಾತಾಡದೆ ಗುಡ್ಡ ಹತ್ತಿ, ಕಬ್ಬಿಣ ತಾಗಿಸದೆ, ತೆಂಗಿನ ಕರಟದ ಚೂರಿನಿಂದ ಅದನ್ನು ಕೆರೆದು ತರುತ್ತಿದ್ದಳು. ನೆರಳಲ್ಲಿ ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ಮತ್ತೆ ಮತ್ತೆ ತೊಳೆದ ಬೆಣ್ಣೆಯಲ್ಲಿ ಕಲಸಿ ಹಚ್ಚುವುದು. ಕುರು, ಗಜಕರ್ಣ, ಹಾಲೂಡಿಸುವ ಹೆಂಗಸರ ಒಡೆದ ಮೊಲೆತೊಟ್ಟು, ಕಲ್ಲಿನ ಖಣಿಯಲ್ಲಿ ದುಡಿಯುವವರ ಕೈಕಾಲಿನ ಗಾಯ. ವಾಸಿಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ವಾಸಿಯಾಗುತ್ತಿತ್ತು. ನಾನೊಮ್ಮೆ ಆ ಪುಡಿಯನ್ನು ನಾಲಿಗೆಗೆ ಹಚ್ಚಿ ನೋಡಿದ್ದೇನೆ. ಬೇವು ಸಪ್ಪೆ ಎನ್ನಿಸುವಷ್ಟು ಕಹಿ. ಸಂಜೆಯವರೆಗೆ ಬಾಯಿಂದ ಹೋಗಲಿಲ್ಲ.

ಕೊಡುವುದು ಗುರುವಾರ ಬೆಳಿಗ್ಗೆ ಮಾತ್ರ. ಅದಕ್ಕೆ ಕಟ್ಟಳೆ ಬಹಳ. ಹಚ್ಚಿದ್ದು ಏನೆಂದು ಹೇಳಬಾರದು, ಹೇಳಿದರೆ ಗುಣ ಹೋಗುತ್ತದೆ. ನೋವು ಹೇಗಿದೆ, ಯಾಕೆ ಬಂತು ಎಂದು ಕೇಳಬಾರದು. ಗಾಯ ಒತ್ತಿ ನೋಡಬಾರದು. ಹಚ್ಚಿ ಬಟ್ಟೆ ಕಟ್ಟಿದರೆ ಒಂಬತ್ತು ದಿನ ಬಿಚ್ಚಬಾರದು, ನೀರು ತಾಗಿಸಬಾರದು. ಹಚ್ಚಿಸಿಕೊಂಡವರು "ಬರ್ತೇವ್ರಿ" ಎನ್ನಬಾರದು. ಅವರು ಬರುತ್ತೇವೆಂದರೆ ರೋಗವೂ ಬರುತ್ತದೆ. ಹಿಂದೆ ನೋಡದೆ ಎದ್ದು ಹೋಗಬೇಕು. ಗುರುವಾರ ಬಂತೆಂದರೆ ನಮ್ಮ ಕಟ್ಟೆಯಿಂದ ಜನ ಜಗಳಾಡಿದವರ ಹಾಗೆ ಮುಖ ತಿರುವಿಕೊಂಡು ಹೋಗುತ್ತಿದ್ದರು.

ಕಂಡಿಕೆ ಸುತ್ತುವವಳನ್ನು ಊರಲ್ಲಿ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ನಮಗೆ ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುತ್ತಿದ್ದ ಸಾಹುಕಾರನ ಹೆಂಡತಿ ನನ್ನನ್ನು ಕಂಡರೆ "ಏ ಇಕಿ" ಎನ್ನುತ್ತಿದ್ದಳು. ಅತ್ತೆಯನ್ನು ಕಂಡರೆ ಸೆರಗು ಸರಿಮಾಡಿಕೊಂಡು "ಆರಾಮದೀರೇನ್ರಿ ಅವ್ವಾರ" ಎನ್ನುತ್ತಿದ್ದಳು. ನನಗೂ ಹಾಗೆ ಅನ್ನಿಸಿಕೊಳ್ಳಬೇಕಿತ್ತು. ಹತ್ತು ವರ್ಷ ಬೆಣ್ಣೆ ತೊಳೆದೆ, ಪುಡಿ ಕುಟ್ಟಿದೆ. ಆದರೆ ಬಂಡೆ ಯಾವುದೆಂದು ಅತ್ತೆ ತೋರಿಸಲಿಲ್ಲ. ಪಂಚಮಿಗೆ ನನ್ನನ್ನು ಕರೆದುಕೊಂಡು ಹೋದರೂ ಗುಡ್ಡದ ಬುಡದಲ್ಲಿ ಕೂಡಿಸಿ ಒಬ್ಬಳೇ ಹತ್ತುತ್ತಿದ್ದಳು.

"ಎಲ್ಲಾ ಕಲ್ಲಿನ ಮ್ಯಾಲಿಂದು ಔಷಧ ಅಲ್ಲಬೇ. ಒಂದಽ ಕಲ್ಲಿಂದು. ನಮ್ಮವ್ವ ನನಗಷ್ಟಽ ತೋರಿಸ್ಯಾಳ," ಎನ್ನುತ್ತಿದ್ದಳು.

ಆ ವರ್ಷ ಮಳೆಗಾಲ ಶುರುವಾಗುವಾಗ ಅವಳೇ ಬಾಯಿ ಬಿಟ್ಟಳು. "ನನ್ನ ಮೊಣಕಾಲ ಇನ್ನ ಗುಡ್ಡಾ ಹತ್ತಾಕ ಒಲ್ಲಂತಾವ. ಈ ಪಂಚಮಿಗೆ ನಿನ್ನ ಮ್ಯಾಲ ಕರ್ಕೊಂಡ ಹೋಗ್ತೇನಿ. ಮುಂದ ನೀನಽ ಹಚ್ಚಾಕಿ."

ಆ ದಿನ ನಾನು ಸುತ್ತಿದ ಕಂಡಿಕೆಗಳು ಗಂಡ ನೇಯ್ದು ಮುಗಿಸಲಾರದಷ್ಟು.

ಪಂಚಮಿಗೆ ಇನ್ನೂ ಒಂದು ತಿಂಗಳಿತ್ತು. ಒಂದು ಮಧ್ಯಾಹ್ನ ಗಂಡನಿಗೆ ನೀರು ಕೊಡಲು ಹೋದಾಗ ಕುಣಿಯೊಳಗೆ ತುಳಿಯುವ ಹಲಗೆ ಕೆಂಪಗಾಗಿದ್ದು ಕಂಡಿತು. ಬಣ್ಣ ಚೆಲ್ಲಿದೆ ಎಂದುಕೊಂಡೆ. ಬಗ್ಗಿ ನೋಡಿದರೆ ರಕ್ತ. ಹಳೆಯ ಹಲಗೆ, ಸಿಬಿರೆದ್ದು ಬಲಗಾಲಿನ ಹಿಮ್ಮಡಿಗೆ ಹೊಕ್ಕಿತ್ತು.

"ರೀ, ಕಾಲಾಗ ಸಿಬರ ಹೊಕ್ಕೈತಿ ನೋಡ್ರಿ. ರಗತ ಹರದು ಹಲಗಿ ತೊಯ್ದೈತಿ."

"ಹೌದೇನು? ನನಗ ಗೊತ್ತಽ ಆಗಿಲ್ಲಲ್ಲ," ಎಂದು ಕಾಲು ಮೇಲೆತ್ತಿ ಬೇರೆಯವರ ಕಾಲನ್ನು ನೋಡಿದಂತೆ ನೋಡಿದ.

"ಇಷ್ಟುದ್ದ ಹೊಕ್ಕಿದ್ದು ಗೊತ್ತಾಗೂದಿಲ್ಲಂದ್ರ ಅದೇನ ಕಾಲೋ ಕಟಗಿಯೋ?"

"ನಿನ್ನ ಬಾಯಿ ಹತ್ರ ಇದ್ದು ಇದ್ದು ಕಾಲಿಗೂ ಕಿವುಡ ಬಂದೈತಿ," ಎಂದು ನಕ್ಕ.

ನಾನೂ ನಕ್ಕೆ. ನಗಬಾರದಿತ್ತು.

ಸಿಬಿರನ್ನು ಅತ್ತೆಯೇ ಕಿತ್ತಳು. ಆದರೆ ಮದ್ದು ಹಚ್ಚಲು ಗುರುವಾರ ಬರಬೇಕು. ಎರಡು ದಿನ ಹಾಗೇ ಬಟ್ಟೆ ಸುತ್ತಿಕೊಂಡು ಕುಣಿಯೊಳಗೆ ತುಳಿದ. ಗುರುವಾರ ಅತ್ತೆ ಹೆತ್ತ ಮಗನನ್ನೂ ಉಳಿದವರ ಸಾಲಿನಲ್ಲಿ ಕಟ್ಟೆಯ ಮೇಲೆ ಕೂಡಿಸಿದಳು. ಹಚ್ಚಿ ಕಟ್ಟಿದ ಮೇಲೆ ಹಿಂದೆ ನೋಡದೆ ಹೋಗಬೇಕಲ್ಲ. ಅವನ ಮನೆ ಹಿಂದೆಯೇ ಇದೆ.

"ಯವ್ವಾ, ಬರ್ತೇನಿ ಅನ್ನಾಂಗಿಲ್ಲಂದ್ರ ಮನಿಗೆ ಬರೂದಽ ಬ್ಯಾಡೇನು?" ಎಂದು ಕೇಳಿದ. ಕಟ್ಟೆಯ ಮೇಲಿನವರೆಲ್ಲ ನಕ್ಕರು.

"ಬಾಯಿ ಮುಚ್ಚಿಕೊಂಡು ಓಣಿ ಸುತ್ತಿ ಹಿತ್ತಲ ಬಾಗಲದಿಂದ ಒಳಗ ಹೋಗು."

ಕುಂಟುತ್ತ ಓಣಿ ಸುತ್ತಿ ಹಿತ್ತಿಲಿನಿಂದ ಬಂದು ಮತ್ತೆ ಮಗ್ಗಕ್ಕೆ ಕೂತ.

ಒಂಬತ್ತು ದಿನವಾದ ಮೇಲೆ ಬಟ್ಟೆ ಬಿಚ್ಚಿದಾಗ ಗಾಯ ಒಣಗಿತ್ತು. ಕೀವಿಲ್ಲ, ವಾಸನೆಯಿಲ್ಲ, ಒಂದು ನೊಣ ಹತ್ತಿರ ಬರಲಿಲ್ಲ. ಮೇಲೆ ಬೂದು ಬಣ್ಣದ ಗಟ್ಟಿ ಹಕ್ಕಳೆ. ಅತ್ತೆ ಅದನ್ನು ಓಣಿಯವರನ್ನು ಕರೆದು ತೋರಿಸಿದಳು. "ಇನ್ನೊಂದು ಒಂಬತ್ತು ದಿನ ಕಟ್ಟಿದ್ರ ಮುಗೀತು," ಎಂದು ಮುಂದಿನ ಗುರುವಾರ ಮತ್ತೆ ಹಚ್ಚಿ ಕಟ್ಟಿದಳು.

ಮುಗಿದಿರಲಿಲ್ಲ. ಹೊರಗೆ ಒಣಗಿದ ಪಾದ ಕೈಗೆ ಬಿಸಿ ಹತ್ತುತ್ತಿತ್ತು. ಗಂಡ ತಂಬಿಗೆ ತಂಬಿಗೆ ನೀರು ಕುಡಿದು ಹಿತ್ತಿಲಿಗೆ ಓಡಾಡುತ್ತಿದ್ದ. ಅವನು ಮೂತ್ರ ಮಾಡಿ ಬಂದ ಜಾಗದಲ್ಲಿ ಇರುವೆ ಮುತ್ತುತ್ತಿದ್ದವು. ಈ ಇರುವೆಗಳನ್ನು ನಾನು ತವರಿನಲ್ಲಿ ಕಂಡಿದ್ದೆ. ನನ್ನ ಅಪ್ಪನಿಗೆ ಸಕ್ಕರೆ ಬೇನೆ ಇತ್ತು, ಅವನಿಗೂ ಕಾಲಿಗೆ ಮುಳ್ಳು ಚುಚ್ಚಿದ್ದು ಗೊತ್ತಾಗುತ್ತಿರಲಿಲ್ಲ, ಅದರಲ್ಲೇ ಹೋದ. ಹಾಗಾಗಿ ನನಗೆ ಗೊತ್ತಿತ್ತು. ಅನುಮಾನವಿತ್ತು ಎಂದು ಬರೆಯಬಹುದು, ಅದು ಸುಳ್ಳಾಗುತ್ತದೆ. ಗೊತ್ತಿತ್ತು.

ಗಂಡನಿಗೆ ಒಂದು ಸಲ ಹೇಳಿದೆ, ದವಾಖಾನೆಗೆ ಹೋಗೋಣ ಎಂದು. "ಈ ಸೀರಿ ಮಗ್ಗದಿಂದ ಇಳೀಲಿ," ಎಂದ. ಅತ್ತೆಗೂ ಒಂದು ಸಲ ಹೇಳಿದೆ. ಅವಳು ಬೆಣ್ಣೆ ತೊಳೆಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಅತ್ತಿ, ಒಮ್ಮೆ ಡಾಕ್ಟರಿಗೆ ತೋರಿಸಿಕೊಂಡು ಬರೂಣು. ಇವರಿಗೆ ಸಕ್ರಿ ಬ್ಯಾನಿ ಐತಿ."

"ನನ್ನ ಮಗನ್ನ ನಾ ದವಾಖಾನಿಗೆ ಕಳಿಸಿದ್ರ ಗುರುವಾರ ಬಂದ ಮಂದಿಗೆ ಯಾವ ಮಾರಿ ತೋರಸ್ಲಿ?"

"ಮಂದಿ ಹಾಳಾಗಲಿ ಬಿಡ್ರಿ."

"ಮಂದಿ ಹಾಳಾಗಲಿ ಅನ್ನಾಕಿ ಕೈಯಾಗ ನಾ ಔಷಧ ಹ್ಯಾಂಗ ಕೊಡ್ಲಿ? ಪಂಚಮಿಗೆ ಗುಡ್ಡಾ ಹತ್ತೂದು ಬ್ಯಾಡೇನು ನಿನಗ?"

ಅತ್ತೆ ನನ್ನ ಬಾಯಿ ಮುಚ್ಚಿಸಲಿಲ್ಲ, ನಾನೇ ಮುಚ್ಚಿಕೊಂಡೆ. ಪಂಚಮಿ ಎರಡು ವಾರ ದೂರವಿತ್ತು. ಬಂಡೆ ನೋಡಿಬಿಟ್ಟರೆ ಆಮೇಲೆ ಜಗಳಾಡಿಯಾದರೂ ದವಾಖಾನೆಗೆ ಒಯ್ಯಬಹುದು ಎಂದು ಲೆಕ್ಕ ಹಾಕಿದೆ. ಕಾಲು ಎರಡು ವಾರ ತಡೆದೀತು ಎಂದುಕೊಂಡೆ. ಬಸ್ ಸ್ಟ್ಯಾಂಡ್ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಅವನನ್ನು ಕೈಹಿಡಿದು ಬಸ್ಸಿಗೆ ಹತ್ತಿಸಿದ್ದರೆ ಅತ್ತೆ ಬೆನ್ನಿಗೆ ಬಿದ್ದು ತಡೆಯುತ್ತಿರಲಿಲ್ಲ. ಹತ್ತಿಸಲಿಲ್ಲ.

ಎರಡನೆಯ ಸಲ ಕಟ್ಟಿದ ಐದನೆಯ ದಿನ ಗಂಡ ಕಪ್ಪು ಕಂಡಿಕೆ ಹಾಕುವಲ್ಲಿ ಕೆಂಪು ಹಾಕಿ ಗೇಣುದ್ದ ನೇಯ್ದುಬಿಟ್ಟಿದ್ದ. ಹದಿನಾಲ್ಕನೆಯ ವಯಸ್ಸಿನಿಂದ ನೇಯ್ದವನು. ಬೈಯಲು ಹೋದರೆ ಅವನ ಕಣ್ಣು ಎಲ್ಲೋ ಇದ್ದವು. ಮೈ ಸುಡುತ್ತಿತ್ತು. ತೊಡೆಸಂದಿಯಲ್ಲಿ ಗಡ್ಡೆ, ಪಾದದಿಂದ ಮೊಣಕಾಲಿನವರೆಗೆ ಕೆಂಪು ಗೆರೆ. ಓಣಿಯ ಗಂಡಸರು ಎತ್ತಿಕೊಂಡು ಬಸ್ಸಿನಲ್ಲಿ ಮಲಗಿಸಿದರು. ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆ ಮುಟ್ಟುವವರೆಗೆ ಅವನ ತಲೆ ನನ್ನ ತೊಡೆಯ ಮೇಲೆ. ಅತ್ತೆ ಹಿಂದಿನ ಸೀಟಿನಲ್ಲಿ ಮದ್ದಿನ ಡಬ್ಬಿಯನ್ನು ಕಂಕುಳಲ್ಲಿ ಹಿಡಿದು ಕೂತಿದ್ದಳು.

ದವಾಖಾನೆಯಲ್ಲಿ ಡಾಕ್ಟರು ಬಟ್ಟೆ ಬಿಚ್ಚಿ ಕಾಲನ್ನು ಎರಡು ಸಲ ತಿರುಗಿಸಿ ನೋಡಿದರು. ಮೇಲೆ ಅಷ್ಟು ಚೊಕ್ಕವಿತ್ತು. ಆಮೇಲೆ ಹೆಬ್ಬೆರಳಿನಿಂದ ಅಂಗಾಲನ್ನು ಒತ್ತಿದರು. ಬೆರಳು ಒಳಗೆ ಇಳಿಯಿತು. ಕಾಲ್ಬೆರಳ ಸಂದಿಯಿಂದ ಕಪ್ಪು ನೀರು ಬಂತು. ಗಂಡ "ಅಯ್ಯೋ" ಎನ್ನಲಿಲ್ಲ.

"ಏನ್ ಹಚ್ಚೀರಿ ಇದಕ್ಕ?"

ಅತ್ತೆ ಗೋಡೆ ನೋಡಿದಳು. ನಾನು "ಕಲ್ಲುಹೂವು ರೀ" ಎಂದೆ. ಅತ್ತೆ ನನ್ನ ತೋಳನ್ನು ಚಿವುಟಿದ ಗುರುತು ಎರಡು ದಿನ ಇತ್ತು.

"ಮಸಾಲಿಗೆ ಹಾಕ್ತಾರಲ್ಲ, ಅದು?"

"ಅದರ ಜಾತೀದುರಿ. ಬಾದಾಮಿ ಕಡೆ ಗುಡ್ಡದ್ದು."

"ಔಷಧ ಖರೇನ ಛಲೋ ಐತಿ. ಮ್ಯಾಲ ಒಂದು ಹನಿ ಕೀವಿಲ್ಲ," ಎಂದರು ಡಾಕ್ಟರು. "ಆದ್ರ ನೀವು ಬಾಗಲಾ ಗಟ್ಟಿ ಹಾಕೀರಿ, ಕಳ್ಳ ಒಳಗಽ ಇದ್ದ. ಸಿಬರ ಆಳಕ್ಕ ಹೊಲಸು ಒಯ್ದಿತ್ತು. ಮ್ಯಾಲೆ ಕೀವು ಬಂದಿದ್ರ ನೀವಽ ಹೆದರಿ ಮೊದಲಽ ಓಡಿ ಬರ್ತಿದ್ರಿ."

ಅದೇ ದಿನ ಕಾಲನ್ನು ಪಾದದ ಗಂಟಿನ ಮೇಲೆ ಕತ್ತರಿಸಿದರು.

ಎಚ್ಚರವಾದ ಮೇಲೆ ಗಂಡ ಚಾದರ ಎತ್ತಿ ನೋಡಿ, ಮತ್ತೆ ಹೊದ್ದುಕೊಂಡ. ಆಮೇಲೆ ಕೇಳಿದ.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತು. ಹೇಳಿದ್ನಲ್ಲ ನಿಮಗ."

"ಒಮ್ಮೆ ಹೇಳಿದಿ. ಉಪ್ಪು ಇಲ್ಲಂತ ದಿನಕ್ಕ ಹತ್ತ ಸಲ ಒದರಾಕಿ, ಇದನ್ನ ಯಾಕ ಒಮ್ಮೆ ಹೇಳಿದಿ?"

ಅವನು ಸತ್ತು ಇಪ್ಪತ್ತು ವರ್ಷದ ಮೇಲಾಯಿತು. ನಾನು ಉತ್ತರ ಕೊಡಲಿಲ್ಲ. ಆಗಲೂ ಇಲ್ಲ, ಆಮೇಲೂ ಇಲ್ಲ.

ಡಾಕ್ಟರು ಅತ್ತೆಯ ಡಬ್ಬಿಯಿಂದ ಒಂದು ಚಿಟಿಕೆ ಪುಡಿ ತೆಗೆದುಕೊಂಡು ಬಾಗಲಕೋಟೆಯ ಕಾಲೇಜಿನಲ್ಲಿ ಗಿಡಗಳ ಪಾಠ ಹೇಳುವ ಒಬ್ಬ ಮೇಡಮ್ಮಿಗೆ ಕಳಿಸಿದ್ದರಂತೆ. ಹತ್ತು ದಿನದ ಮೇಲೆ ಆಕೆ ವಾರ್ಡಿಗೆ ಬಂದಳು. ನನಗಿಂತ ಚಿಕ್ಕವಳು.

"ಇದು ಗಿಡಾನೂ ಅಲ್ಲ, ಬರೇ ಪಾಚೀನೂ ಅಲ್ರಿ," ಎಂದಳು ಮೇಡಮ್ಮು. "ಹಳಸಿದ ರೊಟ್ಟಿಗೆ ಹತ್ತತೈತಲ್ಲ, ಅಂಥಾ ಬೂಸು ಒಂದು, ಪಾಚಿ ಒಂದು, ಎರಡೂ ಕೂಡಿ ಸಂಸಾರ ಮಾಡಿದ್ದು. ಬೂಸು ಮನಿ ಕಟ್ಟತೈತಿ, ಪಾಚಿ ಬಿಸಲಾಗ ಅಡಗಿ ಮಾಡತೈತಿ."

"ಅದರಾಗ ಅತ್ತಿ ಯಾರ್ರಿ?" ಎಂದೆ.

ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಅತ್ತೆ ಕೇಳಿಸಿಕೊಳ್ಳದವಳಂತೆ ಕೂತಿದ್ದಳು.

"ಉಗರಿನಷ್ಟು ಬೆಳ್ಯಾಕ ಇದಕ್ಕ ವರ್ಷಗಟ್ಲೆ ಬೇಕು," ಎಂದು ಮೇಡಮ್ಮು ಮುಂದುವರಿಸಿದಳು. "ಅಷ್ಟು ದಿನ ತನ್ನ ಮೈಮ್ಯಾಲೆ ಬ್ಯಾರೇದು ಹತ್ತಬಾರದಂತ ಒಂದು ಕಹಿ ಮಾಡಿಟ್ಟಕೋತೈತಿ. ಆ ಕಹಿ ಕೀವಿನ ಹುಳಾನೂ ತಡೀತೈತಿ. ನಾ ಗಾಜಿನ ತಟ್ಟ್ಯಾಗ ಕೀವು ಬೆಳೆಸಿ ನಡುವ ಇದನ್ನ ಇಟ್ಟು ನೋಡೀನಿ. ಇಟ್ಟ ಜಾಗಾದ ಸುತ್ತಲೂ ಹುಳಾ ಬೆಳೀಲಿಲ್ಲ. ಮುಂದ ಇದರಾಗಿಂದ ದೊಡ್ಡ ಔಷಧ ಬರಬಹುದು. ಬರದೇನೂ ಇರಬಹುದು. ತೊಗಲಿನ ಕೆಳಗ ಇದು ಇಳಿಯೂದಿಲ್ಲ. ಹೊಟ್ಟಿಗೆ ಕೊಟ್ರ ವಿಷಾನೂ ಆದೀತು. ಯಾರಿಗೂ ಪೂರ್ತಿ ಗೊತ್ತಿಲ್ಲ ಇನ್ನೂ."

ನನಗೆ ಬೇಕಾದದ್ದು ಒಂದೇ ಮಾತು. "ಇದು ಒಂದಽ ಕಲ್ಲಿನ ಮ್ಯಾಲ ಆಗೂದಲ್ಲೇನ್ರಿ?" ಎಂದು ಕೇಳಿದೆ.

ಆಕೆ ಚೀಲದಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದಳು. ಅದೇ ಬೂದಿ ಹಸಿರು, ಅದೇ ಸುರುಟಿದ ಕಿವಿ. "ಯಾವ ಒಂದು ಕಲ್ಲು? ಇದು ನಮ್ಮ ಕಾಲೇಜಿನ ಹಿಂದಿನ ಗುಂಡುಕಲ್ಲಿನ ಮ್ಯಾಲಿಂದು. ಬಾದಾಮಿ ಗುಡ್ಡದಾಗ ನೆರಳಿದ್ದಲ್ಲೆಲ್ಲಾ ಐತಿ. ಎರಡೂ ತಟ್ಟ್ಯಾಗ ಇಟ್ಟು ನೋಡೀನಿ, ಗುಣಾ ಒಂದಽ."

ನಾನು ಅತ್ತೆಯ ಮುಖ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತೋ, ಅವಳ ಅವ್ವ ಅವಳಿಗೂ ಹಾಗೇ ಹೇಳಿ ನಂಬಿಸಿದ್ದಳೋ, ನಾನು ಕೇಳಲಿಲ್ಲ. ಹತ್ತು ಪಂಚಮಿ ನಾನು ಗುಡ್ಡದ ಬುಡದಲ್ಲಿ ಕೂತ ಕಲ್ಲಿನ ಮೇಲೆಯೇ ಅದು ಇದ್ದಿರಬೇಕು. ನಾನು ಅದರ ಮೇಲೆ ಕೂತು ಕಾಯುತ್ತಿದ್ದೆ. ಆ ವರ್ಷದ ಪಂಚಮಿ ವಾರ್ಡಿನಲ್ಲೇ ಕಳೆದುಹೋಯಿತು.

ಡಾಕ್ಟರು ಆಡಿದ ಮಾತಿನಲ್ಲಿ ಅತ್ತೆ ಅರ್ಧ ಮಾತ್ರ ಇಟ್ಟುಕೊಂಡಳು. ಔಷಧ ಛಲೋ ಐತಿ ಎನ್ನುವ ಅರ್ಧ. ವಾರ್ಡಿನ ಮಂಚಮಂಚಕ್ಕೆ ಹೋಗಿ ಹೇಳಿದಳು. ಇಳಕಲ್ಲಿಗೆ ಹೋಗಿಬರುವವರ ಕೈಯಲ್ಲಿ ಹೇಳಿ ಕಳಿಸಿದಳು. "ಓದಿದ ಮೇಡಮ್ಮು ಬಂದು ಕೈಮುಗುದು ಹೋದಳು" ಎಂದು ಸೇರಿಸಿದಳು. ಮಗನ ಕಾಲಿನ ಮಾತು ಬಂದರೆ, "ಅದು ಸಕ್ರಿ ಬ್ಯಾನಿ, ಹಣೇಬರಹ" ಎನ್ನುತ್ತಿದ್ದಳು.

ಬುಧವಾರ ಸಂಜೆ ಗಂಡನನ್ನು ಕರೆದುಕೊಂಡು ಮನೆಗೆ ಬಂದೆವು. ಕಂಕುಳಿಗೆ ಬಡಿಗೆ ಕೊಟ್ಟು ನಡೆಯುವುದು ಅವನಿಗೆ ಇನ್ನೂ ರೂಢಿಯಾಗಿರಲಿಲ್ಲ. ಒಳಗೆ ಬಂದವನು ಮಗ್ಗದ ಕಡೆ ನೋಡದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅತ್ತೆ ಬಟ್ಟಲಲ್ಲಿ ಬೆಣ್ಣೆ ತಂದು ನನ್ನ ಮುಂದೆ ಇಟ್ಟಳು.

"ತೊಳಿ. ನಾಳಿ ಗುರುವಾರ. ನಾಳಿಂದ ನೀನಽ ಹಚ್ಚು."

"ಮಗನ ಕಾಲು ಹೋದ ಮ್ಯಾಲೂ ಹಚ್ಚಬೇಕೇನ್ರಿ ಅತ್ತಿ?"

"ನನ್ನ ಔಷಧದಿಂದ ಕಾಲು ಹೋಗಿಲ್ಲ. ಡಾಕ್ಟರಽ ಹೇಳ್ಯಾರ."

ಅದು ಖರೆ ಮಾತು. ಮದ್ದು ಕೆಟ್ಟದ್ದಾಗಿದ್ದರೆ ಡಬ್ಬಿಯನ್ನು ತಿಪ್ಪೆಗೆ ಎಸೆದು ಕೈ ತೊಳೆದುಕೊಳ್ಳಬಹುದಿತ್ತು. ಮದ್ದು ಒಳ್ಳೆಯದಿತ್ತು. ನಾವು ಒಳ್ಳೆಯವರಿರಲಿಲ್ಲ. ನಾನು ಕೂತು ಬೆಣ್ಣೆ ತೊಳೆದೆ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಕಟ್ಟೆ ತುಂಬಿ ಅಂಗಳದಲ್ಲೂ ಜನ ಕೂತಿದ್ದರು. ಎಂದೂ ಅಷ್ಟು ಬಂದಿರಲಿಲ್ಲ. ಮೊದಲಿಗೆ ಇದ್ದವನು ಖಣಿಯಲ್ಲಿ ಕಲ್ಲು ಒಡೆಯುವ ನಡುವಯಸ್ಸಿನ ಗಂಡಸು, ಕಾಲಿನ ಹೆಬ್ಬೆರಳ ಬುಡದಲ್ಲಿ ಗಾಯ. ನಾನು ಅವನ ಪಾದವನ್ನು ಕೈಯಲ್ಲಿ ಹಿಡಿದು ಗಾಯದ ಪಕ್ಕದಲ್ಲಿ ಬಲವಾಗಿ ಒತ್ತಿದೆ. ಅವನು ಆಕಳಿಸುತ್ತಿದ್ದ.

"ನೋವಾಗತೈತೇನು?"

"ಇಲ್ಲವ್ವಾ. ಏನೂ ಗೊತ್ತಾಗೂದಿಲ್ಲ."

"ಏ, ಕೇಳಬ್ಯಾಡ! ಒತ್ತಬ್ಯಾಡ!" ಎಂದು ಅತ್ತೆ ಒಳಗಿನಿಂದ ಚೀರಿದಳು.

ನಾನು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ. ಇದು ಕಲ್ಲುಹೂವು, ಎಲ್ಲಾ ಕಲ್ಲಿನ ಮೇಲೂ ಬೆಳೆಯುತ್ತದೆ. ಕುರು, ಗಜಕರ್ಣ ಇದ್ದವರು ಕೂಡ್ರಿ, ಹಚ್ಚುತ್ತೇನೆ. ಒತ್ತಿದರೆ ನೋಯದ ಗಾಯದವರು ಏಳ್ರಿ, ದವಾಖಾನೆಗೆ ಹೋಗ್ರಿ. ಅರ್ಧ ಜನ ಎದ್ದರು, ದವಾಖಾನೆಗಲ್ಲ, ತಮ್ಮ ತಮ್ಮ ಮನೆಗೆ. ಹೆಸರು ಹೇಳಿ ಮದ್ದು ಕೆಡಿಸಿದಳು ಎಂದು ಒಬ್ಬಳು ಅಂಗಳದಲ್ಲಿ ಉಗುಳಿದಳು. ಸಾಹುಕಾರನ ಹೆಂಡತಿಯೂ ಬಂದಿದ್ದಳು, ಮಾತಾಡದೆ ಹೋದಳು. ಉಳಿದವರಿಗೆ ಹಚ್ಚಿದೆ. ಖಣಿಯವನು ಮಾತ್ರ ಕಾಲು ಚಾಚಿಕೊಂಡು ಅಲ್ಲೇ ಕೂತಿದ್ದ.

"ನನಗೂ ಹಚ್ಚವ್ವಾ. ಡಾಕ್ಟರಽ ಛಲೋ ಅಂದಾರಂತಲ್ಲ. ಕೆಲಸಕ್ಕ ಹೊತ್ತಾತು."

ಹಚ್ಚಲಿಲ್ಲ. ಕಾಯಿಸಿದ ನೀರಲ್ಲಿ ತೊಳೆದು ಬರೀ ಬಟ್ಟೆ ಕಟ್ಟಿದೆ. ತೋಳು ಹಿಡಿದು ಎಬ್ಬಿಸಿ ಬಸ್ ಸ್ಟ್ಯಾಂಡಿಗೆ ಕರೆದೊಯ್ದೆ. ಒಬ್ಬನೇ ಹೋಗುವ ಆಸಾಮಿಯಲ್ಲ ಎಂದು ಗೊತ್ತಾಗಿ ನಾನೂ ಬಾಗಲಕೋಟೆಯ ಬಸ್ಸು ಹತ್ತಿ ಅವನ ಪಕ್ಕದಲ್ಲೇ ಕೂತೆ. ಹುನಗುಂದ ದಾಟುವವರೆಗೂ ಅವನು ನನ್ನನ್ನು ಬಾಯಿಗೆ ಬಂದಂತೆ ಬೈದ. ಆಮೇಲೆ ನಿದ್ದೆ ಹೋದ.